ನುಣುಪು ತೆಗೆದದ್ದು

ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ, ಮೂರನೇ ಮನೆ.
ಗೋಡೆಗೆ ನಾಲ್ಕು ತೂತು ಕೊರೆದು
ಐವತ್ತೈದು ಇಂಚಿನ ಟಿವಿ ನೇತುಹಾಕಿ
ಬಿಲ್ಲು ಬರೆಯುತ್ತಿದ್ದೆ.
ಹೊಗೆ ಕುಡಿದು ಕಪ್ಪಾದ ಕಿಟಕಿಯ ಸರಳು
ಹೊಸ ಗಾಜಿನಲ್ಲಿ ಇನ್ನೂ ಕಪ್ಪಗೆ ಕಾಣುತ್ತಿತ್ತು.

ಮೊಮ್ಮಗ ಹಳೇ ಸಿನಿಮಾದ ಡಿಸ್ಕು ಹಾಕಿದ.
ಕಪ್ಪುಬಿಳುಪು. ಬಯಲು. ಧೂಳೆಬ್ಬಿಸುತ್ತ ಕುದುರೆಗಾಡಿ.
"ಇದು ಸಿನಿಮಾ ಅಲ್ಲಪ" ಅಂದಳು ಹಾಲಮ್ಮ.

ಹುಡುಗ ನಕ್ಕ. "ಹೆಸರು ಬಂತಲ್ಲಜ್ಜಿ!"
"ಹೆಸರು ಬಂದ್ರೇನು? ನಮ್ಮ ಓಣ್ಯಾಗೇ ಯಾರೋ
ಗಾಡಿ ಹೊಡ್ಕಂಡು ಹೋದಂಗೈತಿ.
ಕಿಟಕಿ ತೆಗೆದು ಇಣುಕಿದಂಗೈತಿ.
ನಾಟಕದೋರು ಬಣ್ಣ ತೊಳ್ಕಂಡು ನಿಂತಂಗೈತಿ."

ಇಪ್ಪತ್ತಾರು ವರ್ಷ
ಮೈಲಾರಲಿಂಗ ಟಾಕೀಸಿನ ಲೇಡೀಸ್ ಗೇಟಿನಲ್ಲಿ ನಿಂತವಳು.
ಈಗಲ್ಲಿ ಮೆಕ್ಕೆಜೋಳದ ಗೋದಾಮು.
ಟಿಕೆಟು ಹರಿದು, ಬ್ಯಾಟರಿ ಬಿಟ್ಟು, ಅಳುವ ಕೂಸುಗಳನ್ನು ಹೊರಗೆತ್ತಿ
ಉಳಿದ ಹೊತ್ತು ಬಾಗಿಲ ಸಂದಿಯಿಂದ ಓರೆಯಾಗಿ ನೋಡಿದವಳು.
ಎಲ್ಲ ನಾಯಕರ ಮುಖವೂ ಅವಳಿಗೆ ಸೋರೆಕಾಯಿಯಷ್ಟು ಉದ್ದ.

ಕಾರಣ ನನಗೆ ಗೊತ್ತಿತ್ತು.
ಗೊತ್ತಿದ್ದೂ ಯಾರ ಮನೆಯಲ್ಲೂ ಹೇಳುವುದಿಲ್ಲ;
ಈ ನುಣುಪಿಗೇ ಜನ ಎಂಟು ಸಾವಿರ ಹೆಚ್ಚು ಕೊಡುತ್ತಾರೆ.
ಸೆಕೆಂಡಿಗೆ ಇಪ್ಪತ್ತನಾಲ್ಕು ಪಟ.
ಪಟಕ್ಕೂ ಪಟಕ್ಕೂ ನಡುವೆ ರೆಪ್ಪೆ ಬಡಿದಷ್ಟು ಕತ್ತಲು.
ಟಿವಿಗೆ ಆ ಸಂದು ಸಹಿಸದು.
ಎತ್ತಿದ ಕಾಲಿಗೂ ಊರಿದ ಕಾಲಿಗೂ ನಡುವೆ
ತಾನೇ ಲೆಕ್ಕ ಹಾಕಿ ಇನ್ನೆರಡು ಮೂರು ಕಾಲು ತುರುಕುತ್ತದೆ:
ಯಾವ ಕ್ಯಾಮೆರಾವೂ ಕಾಣದ ಗೊರಸು,
ಯಾರೂ ಬೀಸದ ಚಾವಟಿ,
ಆ ಹುಡುಗಿ ಎಂದೂ ನಗದ ಒಂದು ಕಾಲುಭಾಗ ನಗು.

ಹೀಗೆಂದರೆ ಅಜ್ಜಿಗೆ ತಿಳಿದೀತೆ ಅಂದುಕೊಳ್ಳುವಷ್ಟರಲ್ಲಿ
ಅವಳೇ ಶುರುಮಾಡಿದಳು:
"ನಮ್ಮ ಆಪರೇಟರ್ ಚಮನ್‌ಸಾಬ್ ಹೇಳೋನು,
ಅಕ್ಕಾ, ಒಳಗೆ ಕುಂತೋರು ಅರ್ಧ ಹೊತ್ತು ಬರೇ ಕತ್ತಲೆ ನೋಡ್ತಾರೆ.
ಗೊತ್ತಾದ್ರೆ ಅರ್ಧ ದುಡ್ಡು ವಾಪಸ್ ಕೇಳ್ತಾರೆ,
ಯಾರಿಗೂ ಹೇಳಬ್ಯಾಡ."

ರಿಮೋಟು ಇಸಿದುಕೊಂಡೆ.
ಮನೆಯೊಳಗೆ ಕೋಣೆ, ಕೋಣೆಯೊಳಗೆ ಗೂಡು ಇದ್ದ ಹಾಗೆ
ಒತ್ತಿ ಒತ್ತಿ ಒಳಗೆ ಹೋಗಿ
ನುಣುಪು ಆರಿಸಿದೆ.
ಅಂಗಡಿಯಲ್ಲಿ ಗಿರಾಕಿಯ ಕಣ್ಣು ಕುಕ್ಕಲೆಂದು ಏರಿಸಿದ್ದ ಬೆಳಕು ಇಳಿಸಿದೆ.
ನೀಲಿಗಟ್ಟಿದ ಬಿಳುಪಿಗೆ ತುಸು ಹಳದಿ.
ಮುಖಗಳ ಅಂಚಿಗೆ ಚಾಕುವಿನಂತಿದ್ದ ಗೆರೆ ಹೋಯಿತು, ಮರುಗಳಿಗೆ
ಭಟ್ಟಿಯ ಬಾಣಲೆಯಲ್ಲಿ ಕಾದ ಮರಳು ಕುದಿವಂತೆ
ಆಕಾಶ ಸಣ್ಣಗೆ ಕುದಿಯತೊಡಗಿತು.

"ಎರಡೂ ಕಡೆ ಕಪ್ಪು ಖಾಲಿ ಬಿದ್ದದೆ, ತುಂಬ್ಸಣ್ಣ" ಎಂದ ಹುಡುಗ.
ತುಂಬಿಸಿದೆ. ಕುದುರೆಯ ಕಾಲು ಹೋಯಿತು,
ಗಾಡಿಯವನ ರುಮಾಲು ಹೋಯಿತು.
"ಬಿಡಪ, ಪರದೆ ಸರಿಸಿದಂಗೈತಿ, ಇರ್ಲಿ" ಅಂದಳು.

ಗಾಡಿ ಈಗ ತುಸು ತಡವರಿಸಿ ಓಡಿತು.
ದೂರವೂ ಆಯಿತು, ಹೇಗೋ,
ಗೋಡೆಯಿಂದಾಚೆ ನೂರು ಗಜ.
ಹಾಲಮ್ಮ ಮಾತಾಡಲಿಲ್ಲ.
ಎದ್ದು ಟ್ಯೂಬ್‌ಲೈಟು ಆರಿಸಿದಳು.
ಸೋಫಾಕ್ಕೆ ಮರಳದೆ
ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು
ಚಿಲಕದ ಮೇಲೊಂದು ಕೈಯಿಟ್ಟು ನಿಂತಳು.
ಸೊಸೆ ಕರೆದಳು, "ಕುಂತ್ಕಂಡು ನೋಡ್ರಿ ಅತ್ತೆ."
"ಇಲ್ಲಿಂದ್ಲೇ ಸರಿ ಕಾಣ್ತೈತಿ."

ನಿಟುವಳ್ಳಿಯಲ್ಲಿ ಇನ್ನೊಂದು ಮನೆ ಬಾಕಿಯಿತ್ತು.
ಹೊರಡುತ್ತ ಬಾಗಿಲಲ್ಲಿ ಅವಳಿಗೆ ಬಿಲ್ಲು ಕೊಟ್ಟೆ.
ಕಣ್ಣು ಪಡದೆಯ ಮೇಲೇ ಇತ್ತು. ಬೆರಳು ಕಾಗದದ ನಡುವನ್ನು ಹುಡುಕಿ
ಸರ್ರನೆ ಹರಿದು
ಅರ್ಧ ನನ್ನ ಕೈಗಿಟ್ಟವು.

ಮೊತ್ತ ಬರೆದ ಚೂರು ಅವಳಲ್ಲೇ ಉಳಿಯಿತು.
ಕೇಳಲಿಲ್ಲ. ಬೈಕಿಗೆ ಡ್ರಿಲ್ಲು ಕಟ್ಟುತ್ತಿದ್ದೆ,
ಒಳಗೆ ಯಾವುದೋ ಕೂಸು ಅತ್ತಿತು,
"ಶ್, ಎತ್ಕಂಡು ಹೊರಗೆ ಬಾರಮ್ಮ" ಎಂಬ ಗದರಿಕೆ ಕೇಳಿಸಿತು.