ಡಿ–೪೧

ದುದ್ದದ ಹತ್ತಿರ ಆಲೂಗೆಡ್ಡೆ ಹೊಲ, ಆ ವರ್ಷದ ಆಗಸ್ಟು.
ಅಂಗಮಾರಿ ಹಾಯ್ದು ಮೂರೇ ದಿನಕ್ಕೆ
ಎಲ್ಲ ಗಿಡವೂ ಬಿಸಿನೀರು ಹುಯ್ದ ಸೊಪ್ಪು.
ಬದುವಿನ ಕಡೆ ಒಂದು ಮಾತ್ರ
ಸುದ್ದಿ ಇನ್ನೂ ಮುಟ್ಟದವಳ ಹಾಗೆ ಹಸಿರಾಗಿ ನಿಂತಿತ್ತು.
ಕಿತ್ಕೊಂಡು ಹೋಗವ್ವ, ಎಂದ ಜವರಪ್ಪ,
ಒಂದು ಗಿಡದಲ್ಲಿ ನಂಗೇನು ಸಾರಾಗ್ತದಾ?
ಬೇರು ಸಮೇತ, ಚಮಚೆ ಮಣ್ಣು ಸಮೇತ
ಬ್ರೆಡ್ಡಿನ ಕವರಿನಲ್ಲಿ ಸುತ್ತಿ
ಹಾಸನದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.
ಕಂಡಕ್ಟರು ಲಗೇಜು ಕೇಳಲಿಲ್ಲ.

ಮಣ್ಣನ್ನು ನೀರಿಗೆ, ಆ ನೀರನ್ನು ಮತ್ತೆ ನೀರಿಗೆ,
ಹತ್ತರಲ್ಲಿ ಒಂದು, ಅದರ ಹತ್ತರಲ್ಲಿ ಒಂದು,
ತೆಳುವಾಗಿಸುತ್ತ ಹೋಗುವುದೇ ನಮ್ಮ ವಿದ್ಯೆ;
ಗುಂಪಿನಲ್ಲಿ ಯಾರ ಗುಣವೂ ತಿಳಿಯುವುದಿಲ್ಲ.
ನಲವತ್ತೊಂದನೆಯ ತಟ್ಟೆಯಲ್ಲಿ, ಒಂದು ಬೆಳಿಗ್ಗೆ,
ರೋಗದ ಬೂಷ್ಟು ಎಲ್ಲೆಡೆ ಹಬ್ಬಿ
ಒಂದು ಬಿಳಿ ಚುಕ್ಕೆಯ ಸುತ್ತ ನಿಂತುಬಿಟ್ಟಿತ್ತು.
ಚುಕ್ಕೆಗೂ ಬೂಷ್ಟಿಗೂ ನಡುವೆ
ಒಂಬತ್ತು ಮಿಲಿಮೀಟರು ಬಯಲು.
ಅಳೆದೆ. ಮತ್ತೆ ಅಳೆದೆ. ಕನ್ನಡಕ ಒರೆಸಿ ಅಳೆದೆ.
ಮುಂದಿನ ಇಪ್ಪತ್ತಾರು ವರ್ಷ
ಆ ಒಂಬತ್ತು ಮಿಲಿಮೀಟರಿನಲ್ಲೇ ವಾಸವಿದ್ದೆ.

ಹನ್ನೊಂದು ತಿಂಗಳ ನೇಮಕ, ಒಂದು ತಿಂಗಳ ವಿರಾಮ.
ವಿರಾಮದಲ್ಲೂ ಬರುತ್ತಿದ್ದೆ;
ಬ್ಯಾಕ್ಟೀರಿಯಾಕ್ಕೆ ಆದೇಶದ ಪ್ರತಿ ತಲುಪಿರುವುದಿಲ್ಲವಲ್ಲ.
ಅಕ್ಕ ಕೇಳುತ್ತಿದ್ದಳು:
ಕಣ್ಣಿಗೇ ಕಾಣದ್ದಕ್ಕೆ ಸಂಬಳ ಕೊಡ್ತಾರೇನೇ?
ಕಣ್ಣಿಗೆ ಕಾಣದಷ್ಟು ಕೊಡ್ತಾರೆ, ಅಂದೆ.

ತಟ್ಟೆಯಲ್ಲಿ ಗೆದ್ದದ್ದು ಹೊಲದಲ್ಲಿ ಗೆಲ್ಲಲಿಲ್ಲ.
ಮೊದಲ ವರ್ಷ ಮಳೆ ತೊಳೆದುಕೊಂಡು ಹೋಯಿತು.
ಎರಡನೆಯ ವರ್ಷ ರೋಗವೇ ಬರಲಿಲ್ಲ.
ಊರೆಲ್ಲ ಖುಷಿಯಾಗಿತ್ತು, ನಾನೊಬ್ಬಳು ಸಪ್ಪಗಿದ್ದೆ.
ಅದನ್ನು ಯಾವ ವರದಿಯಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ.
ಮೂರನೆಯ ವರ್ಷ ನೂರಕ್ಕೆ ಹದಿನೆಂಟು ಗಿಡ ಉಳಿದವು.
ಹದಿನೆಂಟು ಸಾಲದು ಎಂದು ಪ್ರಬಂಧ ವಾಪಸು ಬಂತು.
ಆ ಹದಿನೆಂಟರ ಗೆಡ್ಡೆಯನ್ನು ಜವರಪ್ಪ
ಚೀಲದಲ್ಲಿ ಹೊತ್ತು ಮನೆಗೆ ತಂದುಕೊಟ್ಟ.

ಆಮೇಲೆ ಆ ಏಪ್ರಿಲ್. ಮೂರು ದಿನ ರಜೆ, ಮೂರೂ ದಿನ ಕರೆಂಟಿಲ್ಲ,
ಜನರೇಟರಿಗೆ ಡೀಸೆಲ್ ಹಾಕುವವ ಮದುವೆಗೆ ಹೋಗಿದ್ದ.
ಫ್ರೀಜರಿನ ಬಾಗಿಲು ತೆಗೆದರೆ ಬೇಸಗೆಯ ಕೆರೆಯ ವಾಸನೆ,
ಮುನ್ನೂರು ಸೀಸೆಗಳ ಚೀಟಿ ಕಳಚಿ
ತಳದ ನೀರಿನಲ್ಲಿ ತೇಲುತ್ತಿತ್ತು.
ಎಂಟು ವಾರ ಹುಡುಕಿದೆ.
ಬಯಲು ಬಿಡಿಸುವಂಥದು ಒಂದೂ ಸಿಗಲಿಲ್ಲ.

ಒಂಬತ್ತನೆಯ ವಾರ, ಗಾಜು ತೊಳೆಯುವ ಸಣ್ಣತಾಯಮ್ಮ
ಸೆರಗಿನೊಳಗಿಂದ ಒಂದು ನಳಿಕೆ ತೆಗೆದಳು.
ಬಾಯಿ ಸೀಳಿತ್ತು. ಅಗರ್ ಒಣಗಿ ಹಪ್ಪಳವಾಗಿತ್ತು.
ಚೀಟಿಯ ಮೇಲೆ ನನ್ನದೇ ಕೈಬರಹ.
ಹೋದ ದೀಪಾವಳೀಲಿ ಕೈಜಾರಿತ್ತು ಮೇಡಂ,
ಬೈತೀರಿ ಅಂತ ಆಟೋಕ್ಲೇವ್ ಹಿಂದೆ ಅಡಗಿಸಿದ್ದೆ.

ಒಂದಿಷ್ಟು ಪೋಷಕ ದ್ರವ, ಮೂವತ್ತು ಡಿಗ್ರಿಯ ಒಂದು ರಾತ್ರಿ.
ಬೆಳಿಗ್ಗೆ ನಳಿಕೆಯೊಳಗೆ ಗಂಜಿತಿಳಿಯಂಥ ಮಬ್ಬು.
ತಟ್ಟೆಗೆ ದಾಟಿಸಿ, ಕಾದು,
ಇಬ್ಬರೂ ಬಗ್ಗಿ ಅಳೆದೆವು.
ಒಂಬತ್ತು.

ನಾನು ಬೈಯುವವಳಾಗಿರದಿದ್ದರೆ
ಅವಳು ಅದನ್ನು ಅವತ್ತೇ ತಂದುಕೊಡುತ್ತಿದ್ದಳು,
ಅವತ್ತೇ ತೊಳೆದಿಡಲು ಹೇಳುತ್ತಿದ್ದೆ.
ನನ್ನ ಸಿಡುಕೂ ವಿಜ್ಞಾನಕ್ಕೆ ಒಂದಿಷ್ಟು ಕೆಲಸಕ್ಕೆ ಬಂತೇ ಎಂದು
ನಿದ್ದೆ ಬಾರದಾಗ ನಗು ಬರುತ್ತದೆ. ಪೂರ್ತಿ ನಗುವೂ ಅಲ್ಲ.

ಇವತ್ತು ಕೊನೆಯ ದಿನ.
ಹೊಸ ಹುಡುಗಿ ಮುಬೀನಾ, ಹೊಳೆನರಸೀಪುರದವಳು,
ಕೇಳಿದಳು: ಇದಕ್ಕೆ ನಿಮ್ಮ ಹೆಸರು ಇಡಲಿಲ್ವಾ ಮೇಡಂ?
ಅರ್ಧ ಗಂಟೆಗೊಂದು ತಲೆಮಾರು ಅದಕ್ಕೆ.
ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅಜ್ಜಿಯಾಗಿರುತ್ತದೆ.
ಯಾವ ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಲಿ?
ಮೂರು ತಿಂಗಳಿಗೊಮ್ಮೆ ಹೊಸ ಅಗರಿಗೆ ದಾಟಿಸು, ಅಂದೆ.
ಸೂಜಿಯನ್ನು ಕೆಂಪಗೆ ಕಾಯಿಸು. ಆಮೇಲೆ ಆರಗೊಡು,
ಅದೇ ಎಲ್ಲರೂ ಮರೆಯುವುದು.

ಅವಳು ಸೂಜಿ ಕಾಯಿಸಿದಳು. ಕೈ ಸ್ವಲ್ಪ ನಡುಗಿತು.
ಸಿಂಕಿನ ಬಳಿ ಈಗ ಸಣ್ಣತಾಯಮ್ಮನ ಸೊಸೆ;
ಗಾಜು ಠಣ್ ಎಂದಿತು, ನೀರು ನಿಂತಿತು.
ಏನಾಯ್ತು ಎಂದು
ನಾನು ಕೇಳಲಿಲ್ಲ.