ಯಾವ ವಾರ್ಡು

ಆಸ್ಪತ್ರೆ ಗೋಡೆಗೆ ತಾಗಿ ಓಮ್ನಿ ನಿಲ್ಲಿಸಿದರೆ
ಯಾರೂ ಏನೂ ಕೇಳುವುದಿಲ್ಲ.
ಗಾಡಿಯಲ್ಲಿ ಮಲಗಿದವನಿಗೆ ಒಳಗೆ
ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಇಷ್ಟು ಕಲಿಯಲು ನಾಲ್ಕು ತಿಂಗಳು ಹಿಡಿಯಿತು.
ಧಕ್ಕೆಯಲ್ಲಿ ಮೂರು ಗಂಟೆಗೇ ಐಸಿನ ಲಾರಿ;
ಕದ್ರಿ ಗುಡ್ಡೆಯಲ್ಲಿ ವಾಕಿಂಗಿನವರು
ಗಾಜಿಗೆ ಹಣೆ ಒತ್ತಿ ನೋಡುತ್ತಾರೆ.

ಲುಂಗಿ ಹರಿದು ಮಾಡಿದ ಪರದೆ. ಲೈಟು ಹಾಕುವಂತಿಲ್ಲ.
ಸೆಕೆಗೆಂದು ಬೆರಳಗಲ ಗಾಜು ಇಳಿಸಿದರೆ
ನುಸಿಗೆ ಅಷ್ಟೇ ಸಾಕು.
ಕೆಮ್ಮು ಬಂದರೆ ದಿಂಬಿಗೆ.

ಮೊನ್ನೆ ವಾಚ್‌ಮನ್ ಮೋನಪ್ಪಣ್ಣ ಗಾಜು ತಟ್ಟಿದರು.
“ಯಾವ ವಾರ್ಡು ಮಾರಾಯ್ರೆ?”
“ಏಳು.”
ಫ್ಲಾಸ್ಕಿನ ಮುಚ್ಚಳಕ್ಕೆ ಗಂಜಿತಿಳಿ ಬಗ್ಗಿಸಿ
“ಈಗ ಹೇಗುಂಟು?” ಎಂದರು.
ತುಟಿ ಸುಟ್ಟುಕೊಂಡೇ ಹೇಳಿದೆ: ಪರವಾಗಿಲ್ಲ.

ಇವತ್ತು ಹಲ್ಲುಜ್ಜಲು ಒಳಗಿನ ನಳ್ಳಿಗೆ ಹೋದಾಗ
ಬೋರ್ಡು ಓದಿದೆ.
ವಾರ್ಡುಗಳು ಆರಕ್ಕೇ ಮುಗಿಯುತ್ತವೆ.

ಗೇಟಿನ ಹೊಸ ಹುಡುಗನಿಗೆ
ಮೋನಪ್ಪಣ್ಣ ಹೇಳುತ್ತಿದ್ದರು:
“ಬಿಡು, ಏಳನೇ ವಾರ್ಡಿನವರು.”