ಆಳಂದದ ಳ

ಮೊದಲು ಹೋದದ್ದು ಳ.
ಕಲಬುರಗಿ ಬಸ್ ನಿಲ್ದಾಣದ ಮೈಕಿನಲ್ಲಿ
ಇಪ್ಪತ್ತಾರು ವರ್ಷ ಆಳಂದ, ಕಾಳಗಿ, ಚಿಂಚೋಳಿ ಎಂದು ಕೂಗಿದ
ಕಂಟ್ರೋಲರ್ ಲಾಲಸಾಬ
ಒಂದು ಬೆಳಿಗ್ಗೆ ಆಲಂದ ಅಂದ.
ಯಾರಿಗೂ ತಿಳಿಯಲಿಲ್ಲ. ಜನ ಹತ್ತಿದರು, ಬಸ್ಸು ಹೊರಟಿತು.
ಅವನು ಮಾತ್ರ ಮೈಕು ಆರಿಸಿ
ನನ್ನ ಕಡೆ ನೋಡಿದ.

ಅವನ ಮನೆಮಾತಿನಲ್ಲಿ ಆ ಅಕ್ಷರವೇ ಇಲ್ಲ.
ಫರಹತಾಬಾದಿನ ಶಾಲೆಯಲ್ಲಿ ಸಿದ್ರಾಮಪ್ಪ ಮಾಸ್ತರು
"ನಾಲಿಗಿ ಮಡಚೋ, ಮ್ಯಾಲ ಹಚ್ಚೋ" ಎಂದು
ಗದ್ದ ಹಿಡಿದು ಕಲಿಸಿದ್ದರಂತೆ.
"ಗಲಿಸಿದ್ದೇ ಮೊದ್ಲ ಹೋತು ನೋಡು" ಅಂದ.

ಬಾಯಿ ತೆರೆದರೆ ನಾಲಿಗೆ ಸುಮ್ಮನಿರದು,
ಅಪ್ಪನ ಕೆರೆಯಲ್ಲಿ ಸಂಜೆ ಸಣ್ಣ ಮೀನು ಎದ್ದಂತೆ
ಅಲ್ಲೊಂದು ಅದುರು, ಇಲ್ಲೊಂದು.
ಡಾಕ್ಟರಮ್ಮ ಚೀಟಿಯ ಬೆನ್ನಿಗೆ ಗೀಟು ಹಾಕಿದರು:
ಮೆದುಳಿನ ಮೇಲಿಂದ ಕತ್ತಿನ ಬುಡದ ತನಕ ಒಂದು ನರ,
ಅಲ್ಲಿ ಇಳಿದು, ನಾಲಿಗೆಗೆ ಹೋಗುವ ಇನ್ನೊಂದನ್ನು ಹತ್ತಬೇಕು.
ಎರಡೂ ಸವೆಯುತ್ತಿವೆ.

ಸ್ಕ್ಯಾನಿನ ಕೊಳವೆಯಲ್ಲಿ ಮಲಗಿಸಿ
ಬಾಯೊಳಗೆ ರಬ್ಬರ್ ಗುಂಡು ಇಟ್ಟು, ನಾಲಿಗೆಯಿಂದ ಒತ್ತು ಎಂದರು.
ಒತ್ತಿದ.
ನಾಲಿಗೆಯದೆಂದು ಗುರುತಾದ ಜಾಗ ಮಂಕು.
ಈ ಕೆಲಸಕ್ಕೆ ಹೆಚ್ಚು ಕೈ ಹಾಕದವು,
ಪಕ್ಕದ್ದು, ಆಚೆ ಮಗ್ಗುಲಿನದು, ಹಿಂದಿನ ಕಿರುಮೆದುಳು,
ದೀಪ ಹಚ್ಚಿಕೊಂಡು ಎದ್ದು ಕೂತಿದ್ದವು.
ನನಗೆ ತಿಳಿಯಲಿಲ್ಲ. ಅವನು ತಟ್ಟನೆ ಸ್ಲೇಟು ಎಳೆದುಕೊಂಡ:
"ಕಾಗಿಣಾ ಬಂದು ಮಳಖೇಡ ಸೇತುವೆ ಮುಳುಗಿದಾಗ
ಸೇಡಂ ಗಾಡಿ ಕಾಳಗಿ ಮ್ಯಾಲಿಂದ ಬಿಡ್ತಿದ್ದೆವಲ್ಲ, ಹಂಗ."
ಸ್ಲೇಟಿನ ಮೇಲೆ ಳ ಇನ್ನೂ ಗುಂಡಗಿತ್ತು.
ಡಾಕ್ಟರಮ್ಮ ಹೌದು ಅಂದರು.
ಎಷ್ಟು ದಿನ ಎಂದು ಅವನು ಬರೆಯಲಿಲ್ಲ.
ಸುತ್ತುದಾರಿ ಎಷ್ಟು ಡೀಸೆಲ್ ಸುಡುತ್ತದೆಂದು
ಅವನಿಗೆ ಯಾರು ಹೇಳಬೇಕು?
ಹಾಲಲ್ಲಿ ನೆನೆದ ರೊಟ್ಟಿ, ಮೂರು ತುತ್ತಿಗೇ
ಹಣೆಯೆಲ್ಲ ಬೆವರು.

ಈಗ ಮೈಕು ನನ್ನದು.
ಅವನು ಪಕ್ಕದ ಕುರ್ಚಿಯಲ್ಲಿ, ಜೊಲ್ಲಿಗೆಂದು ಹೆಗಲ ಮೇಲೆ ಟವೆಲು.
ನಿನ್ನೆ ಮಧ್ಯಾಹ್ನ ಬಿಸಿಲಿಗೆ ಬೇಸತ್ತು
"ಆಲಂದ, ಪ್ಲಾಟ್‌ಫಾರ್ಮ್ ಆರು" ಅಂದುಬಿಟ್ಟೆ.
ಕೀಲಿಗೊಂಚಲು ಮೇಜಿಗೆ ಬಡಿಯಿತು.
"ಮಂದಿಗಿ ತಿಳೀತದ ಬಿಡಣ್ಣ."
ಮತ್ತೆ ಬಡಿಯಿತು, ಇನ್ನೂ ಜೋರಾಗಿ.
ಮೈಕು ಹಚ್ಚಿದೆ. ನಾಲಿಗೆ ಮಡಚಿ, ಅಂಗುಳಿಗೆ ತಾಗಿಸಿ,
ಆಳಂದ ಅಂದೆ.
ಅವನ ಗಂಟಲಲ್ಲಿ ಏನೋ ಮೇಲೇರಿ ಇಳಿಯಿತು.
ಬಸ್ಸು ಅಷ್ಟರಲ್ಲಿ ಗೇಟು ದಾಟಿತ್ತು.